ಹೊಸ ಲ್ಯಾಪ್‌ಟಾಪ್ ತಗೊಳ್ತೀರಾ? ಮೊದಲು ಸ್ಕ್ರೀನ್ ನೋಡಿ, ಐ5 ಐ7 ಲೆಕ್ಕ ಆಮೇಲೆ

ಸಿಇಟಿ ಸೀಟು ಪಕ್ಕಾ ಆಯಿತು ಅಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಮುಂದಿನ ಚರ್ಚೆ ಲ್ಯಾಪ್‌ಟಾಪ್. ಮಂಗಳೂರಿನ ಹಂಪನಕಟ್ಟೆ, ಬಲ್ಮಠ ಕಡೆ ಹೋಗಿ, ಇಲ್ಲಾ ಉಡುಪಿ, ಮಣಿಪಾಲದ ಅಂಗಡಿಗೆ ಹೋಗಿ, ಮಾತು ಶುರುವಾಗುವುದು ಒಂದೇ ರೀತಿ. “ಐ5 ಉಂಟು ಸರ್, 16 ಜಿಬಿ ಉಂಟು, ಎಐ ಕೂಡ ಉಂಟು.” ಸ್ಕ್ರೀನ್ ಹೇಗೆ ಅಂತ ಕೇಳಿದರೆ “ಫುಲ್ ಎಚ್‌ಡಿ” ಅಂತಾರೆ, ಅಲ್ಲಿಗೆ ಮುಗಿಯಿತು. ಆದರೆ ಮುಂದಿನ ನಾಲ್ಕೈದು ವರ್ಷ ನೀವು ದಿನಾ ಕಣ್ಣಿಟ್ಟು ನೋಡುವುದು ಆ ಸ್ಕ್ರೀನನ್ನೇ ಅಲ್ವಾ?

ನನ್ನ ಲೆಕ್ಕ ಸರಳ. ಆಮೇಲೆ ಬದಲಾಯಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಿ. ಸ್ಕ್ರೀನ್, ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್, ಐ5 ಐ7 ಅನ್ನುವುದು ಇದರ ಹೆಸರೇ), ತೆರೆದ ಕೆಲಸಗಳನ್ನು ಹಿಡಿದಿಡುವ, ಬೋರ್ಡಿಗೇ ಬೆಸೆದ ರ‍್ಯಾಮ್, ಕೀಬೋರ್ಡ್, ಬಾಡಿ ಇವೆಲ್ಲ ಮೊದಲ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ. ಫೈಲ್‌ಗಳು ಉಳಿಯುವ ಎಸ್‌ಎಸ್‌ಡಿ ದೊಡ್ಡದು ಬೇಕಾದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆಮೇಲೆ ಹಾಕಿಸಬಹುದು. ಮೌಸ್, ಬ್ಯಾಗ್, ಹಬ್ ಯಾವಾಗ ಬೇಕಾದರೂ ಸಿಗುತ್ತದೆ. ಈ ಗೈಡ್ ಇದೇ ಕ್ರಮದಲ್ಲಿ ಹೋಗುತ್ತದೆ, ಹಾಗಾಗಿ ಸ್ಕ್ರೀನ್ ಭಾಗ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ಹಂತ 1: ಯಾವ ಕೆಲಸಕ್ಕೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ

“ಎಲ್ಲದಕ್ಕೂ ಬೇಕು” ಅಂತ ಬರೆದರೆ ಉಪಯೋಗ ಇಲ್ಲ. ದಿನಕ್ಕೆ ಜಾಸ್ತಿ ಹೊತ್ತು ಮಾಡುವ ಕೆಲಸ ಯಾವುದು, ಯಾವ ಸಾಫ್ಟ್‌ವೇರ್ ಬೇಕೇ ಬೇಕು, ಎಲ್ಲಿ ಕೂತು ಕೆಲಸ, ದಿನಾ ಹೊತ್ತುಕೊಂಡು ಓಡಾಡಬೇಕಾ, ಇಷ್ಟು ಸಾಕು.

ಸಾಫ್ಟ್‌ವೇರ್ ಹೆಸರು ಯಾಕೆ ಮುಖ್ಯ ಅಂದರೆ, ಯಂತ್ರದ ಭಾಗ ಡಿಸೈನ್ ಮಾಡುವ ಸಾಲಿಡ್‌ವರ್ಕ್ಸ್, ಅಕೌಂಟ್ಸ್‌ನ ಟ್ಯಾಲಿ ಪ್ರೈಮ್ ಇವು ವಿಂಡೋಸ್‌ಗಾಗಿ ಮಾಡಿದವು. ಮೆಕ್ಯಾನಿಕಲ್ ಹುಡುಗ ಅಂದ ನೋಡಿ ಮ್ಯಾಕ್‌ಬುಕ್ ತಂದರೆ ಮೂರನೇ ಸೆಮಿಸ್ಟರ್‌ನಲ್ಲಿ ಲ್ಯಾಬ್ ಕಂಪ್ಯೂಟರಿಗೆ ಕಾಯುತ್ತಾ ಕೂರಬೇಕು. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಆ ಚಿಪ್ ಇಂಟೆಲ್‌ಗಿಂತ ಬೇರೆಯಾದ ಎಆರ್‌ಎಮ್ ಜಾತಿಯದ್ದು, ಪ್ರಿಂಟರ್‌ನಂಥವನ್ನು ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಅದಕ್ಕೆಂದೇ ಬರೆದದ್ದು ಬೇಕು. ಹಳೇ ಪ್ರಿಂಟರ್, ಜಿಎಸ್‌ಟಿ ಫೈಲ್ ಮಾಡುವ ಡಿಜಿಟಲ್ ಸಿಗ್ನೇಚರ್ ಟೋಕನ್, ಕಾಲೇಜಿನ ಪರೀಕ್ಷೆ ಸಾಫ್ಟ್‌ವೇರ್ ಇವು ಅದರಲ್ಲಿ ಓಡುತ್ತವಾ ಅಂತ ಮೊದಲೇ ವಿಚಾರಿಸಿ. ಬರೀ ಬ್ರೌಸರ್, ವರ್ಡ್, ಯೂಟ್ಯೂಬ್ ಅಂದರೆ ಏನೂ ತೊಂದರೆ ಇಲ್ಲ.

ಹಂತ 2: ಸ್ಕ್ರೀನ್

ಮೊದಲು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಾಳೆ, ಯಾವ ಜಾತಿಯದ್ದು ಅಂತ ಕೇಳಿ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು: ಟಿಎನ್, ಐಪಿಎಸ್, ಓಎಲ್ಇಡಿ.

ಟಿಎನ್ ಹಳೇ ಕಾಲದ್ದು, ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಈಗಲೂ ಬರುತ್ತದೆ. ಎದುರಿಗೆ ನೇರ ಕೂತರೆ ಪರವಾಗಿಲ್ಲ, ಸ್ವಲ್ಪ ಮೇಲೆ ಕೆಳಗೆ ಆದರೆ ಬಣ್ಣ ತಿರುಗಿ ಮುಖಗಳೆಲ್ಲ ನೆಗೆಟಿವ್ ಫಿಲ್ಮಿನ ಹಾಗೆ ಕಾಣುತ್ತವೆ. ಸುಮ್ನೆ ಬಿಟ್ಟುಬಿಡಿ. ಕಂಪನಿಯ ಸ್ಪೆಕ್ ಪಟ್ಟಿಯಲ್ಲಿ ಐಪಿಎಸ್ ಅನ್ನುವ ಪದವೇ ಇಲ್ಲದೆ “ಫುಲ್ ಎಚ್‌ಡಿ, ಆಂಟಿ ಗ್ಲೇರ್, ಎಲ್ಇಡಿ ಬ್ಯಾಕ್‌ಲಿಟ್” ಅಂತ ಮಾತ್ರ ಬರೆದಿದ್ದರೆ ಅನುಮಾನ ಪಡಿ. ಬ್ಯಾಕ್‌ಲಿಟ್ ಅಂದರೆ ಹಿಂದಿನಿಂದ ಎಲ್ಇಡಿ ಬೆಳಕು ಇದೆ ಅಂತ ಅಷ್ಟೇ, ಪ್ಯಾನೆಲ್ ಯಾವುದು ಅಂತ ಅದು ಹೇಳುವುದಿಲ್ಲ.

ಐಪಿಎಸ್ ಅಂದ ತಕ್ಷಣವೂ ಸಮಾಧಾನ ಪಡಬೇಡಿ, ಮೋಸ ಇರುವುದೇ ಇಲ್ಲಿ. ಐಪಿಎಸ್‌ನಲ್ಲಿ ಎರಡು ಜಾತಿ. ಒಂದು 45% ಎನ್‌ಟಿಎಸ್‌ಸಿ, ಇನ್ನೊಂದು 100% ಎಸ್‌ಆರ್‌ಜಿಬಿ (ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅಂತ ಅಳೆಯುವ ಎರಡು ಅಳತೆಗಳು). ಮೊದಲನೆಯದು ಇಂಟರ್‌ನೆಟ್, ಫೋಟೋ, ವಿಡಿಯೋಗಳು ಬಳಸುವ ಬಣ್ಣಗಳಲ್ಲಿ ಹೆಚ್ಚುಕಡಿಮೆ 60ರಿಂದ 65% ಮಾತ್ರ ತೋರಿಸುತ್ತದೆ. ಎರಡನೆಯದು ಪೂರ್ತಿ ತೋರಿಸುತ್ತದೆ, ಕೆಲವು ಕಂಪನಿಗಳು ಅದನ್ನೇ 72% ಎನ್‌ಟಿಎಸ್‌ಸಿ ಅಂತ ಬರೆಯುತ್ತವೆ. ಎರಡೂ ಐಪಿಎಸ್, ಎರಡೂ ಫುಲ್ ಎಚ್‌ಡಿ, ಅಂಗಡಿಯ ಚೀಟಿಯಲ್ಲಿ ಒಂದೇ ಥರ. ಅಕ್ಕಪಕ್ಕ ಇಟ್ಟು ಯಕ್ಷಗಾನದ ಫೋಟೋ ತೆರೆದು ನೋಡಿ. ಒಳ್ಳೆಯ ಪ್ಯಾನೆಲ್‌ನಲ್ಲಿ ಬಣ್ಣದ ವೇಷದ ಕೆಂಪು ಕೆಂಪಾಗಿಯೇ ಇರುತ್ತದೆ, 45%ನದರಲ್ಲಿ ಅದು ಮಾಸಿದ ಇಟ್ಟಿಗೆ ಬಣ್ಣ, ಹಳದಿಗೂ ಕಿತ್ತಳೆಗೂ ನಡುವಿನ ವ್ಯತ್ಯಾಸವೇ ಹೋಗಿರುತ್ತದೆ. ಬರೀ ಎಕ್ಸೆಲ್, ವರ್ಡ್ ಮಾಡುವವರಿಗೆ 45% ನಡೆಯುತ್ತದೆ, ಸುಳ್ಳು ಹೇಳಬಾರದು. ಫೋಟೋ ಎಡಿಟ್, ಮದುವೆ ಆಲ್ಬಮ್, ಫ್ಲೆಕ್ಸ್ ಡಿಸೈನ್ ಮಾಡುವವರು ಮಾತ್ರ ಅದರ ಹತ್ತಿರ ಹೋಗಬೇಡಿ. ನೀವು ಸ್ಕ್ರೀನಲ್ಲಿ ಕಂಡ ಬಣ್ಣ ಒಂದು, ಪ್ರಿಂಟ್ ಆಗಿ ಬರುವುದು ಇನ್ನೊಂದು.

ಮುಂದಿನದು ಬೆಳಕು, ಇದನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. 250 ನಿಟ್ಸ್ ಕೋಣೆಯ ಒಳಗೆ ಸಾಕು, ಮಳೆಗಾಲದ ಮಬ್ಬಿನಲ್ಲಿ ಧಾರಾಳ. ಬೇಸಿಗೆಯಲ್ಲಿ ಗಾಳಿ ಬರಲಿ ಅಂತ ಜಗಲಿಯಲ್ಲೋ ಕಿಟಕಿ ಪಕ್ಕವೋ ಕೂರುವವರಿಗೆ 300 ಕನಿಷ್ಠ, 400 ಇದ್ದರೆ ಆರಾಮ. ಅಂಗಳದ ಬಿಸಿಲು ಬೆನ್ನಿಗೆ ಬಿದ್ದಿದ್ದರೆ 250 ನಿಟ್ಸ್ ಸ್ಕ್ರೀನಲ್ಲಿ ಕಾಣುವುದು ನಿಮ್ಮ ಮುಖವೇ.

ಈಗ ಓಎಲ್ಇಡಿ. ಇದರಲ್ಲಿ ಹಿಂದಿನಿಂದ ಬೆಳಕು ಇಲ್ಲ, ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರಿಬಿಡುತ್ತದೆ. ಸಿನಿಮಾ ನೋಡಿದರೆ ಮತ್ತೆ ಐಪಿಎಸ್ ಕಡೆ ಮನಸ್ಸು ಹೋಗುವುದಿಲ್ಲ, ಅಷ್ಟು ಚಂದ. ಬೆಲೆಯೂ ಮೊದಲಿನಷ್ಟು ದೂರ ಇಲ್ಲ, ಮಧ್ಯಮ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲೂ ಬರುತ್ತಿದೆ. ಆದರೆ ಅಂಗಡಿಯವರು ಹೇಳದ ನಾಲ್ಕು ವಿಷಯ ಇದೆ.

ಒಂದು, ಹೆಚ್ಚಿನವು ಹೊಳೆಯುವ ಗಾಜು. ಜಗಲಿಯಲ್ಲಿ ಕೂತರೆ ತೆಂಗಿನ ಮರವೂ ಅದರಲ್ಲೇ ಕಾಣುತ್ತದೆ. ಎರಡು, ಬರ್ನ್ ಇನ್. ಟಾಸ್ಕ್‌ಬಾರ್, ಎಕ್ಸೆಲ್‌ನ ಮೇಲಿನ ಪಟ್ಟಿ ಹೀಗೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವ ಚಿತ್ರಗಳ ಗುರುತು ಮೆಲ್ಲಗೆ ಉಳಿದುಬಿಡಬಹುದು. ದಿನವಿಡೀ ಟ್ಯಾಲಿ ತೆರೆದಿಡುವ ಆಫೀಸಿಗೆ ಓಎಲ್ಇಡಿ ಬೇಡ ಅನ್ನುವುದು ಇದಕ್ಕೇ. ಮೂರು, ಬಿಳಿ ಪುಟ ತೆರೆದಾಗ ಅದು ಕರೆಂಟ್ ಜಾಸ್ತಿ ತಿನ್ನುತ್ತದೆ, ಪಿಡಿಎಫ್ ಓದುವವರ ಬ್ಯಾಟರಿ ಬೇಗ ಇಳಿಯುತ್ತದೆ. ನಾಲ್ಕನೆಯದು ಮಿಣುಕು. ಬ್ರೈಟ್‌ನೆಸ್ ಕಡಿಮೆ ಮಾಡಿದಾಗ ಹಲವು ಓಎಲ್ಇಡಿಗಳು ಕಣ್ಣಿಗೆ ಗೊತ್ತಾಗದ ವೇಗದಲ್ಲಿ ಆರಿ ಹತ್ತಿ ಆಗುತ್ತವೆ, ಕೆಲವರಿಗೆ ಇದರಿಂದ ತಲೆನೋವು. ಪರೀಕ್ಷೆ ಸುಲಭ: ಬ್ರೈಟ್‌ನೆಸ್ 20%ಗೆ ಇಳಿಸಿ, ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/2000ಕ್ಕೆ ಇಟ್ಟು ಸ್ಕ್ರೀನ್ ನೋಡಿ. ದಪ್ಪ ಕಪ್ಪು ಪಟ್ಟಿಗಳು ಕಂಡರೆ ಮಿಣುಕು ಇದೆ ಅಂತ ಅರ್ಥ. ರಾತ್ರಿ ದೀಪ ಆರಿಸಿ ಓದುವ ಅಭ್ಯಾಸ ಇದ್ದವರು ಇದನ್ನು ನೋಡದೆ ದುಡ್ಡು ಕೊಡಬೇಡಿ.

ಹಾಗಾದರೆ ನಾನು ಹೇಳುವುದೇನು? ಸಿನಿಮಾ, ಫೋಟೋ, ವಿಡಿಯೋ ಎಡಿಟಿಂಗ್ ಮುಖ್ಯ, ಕೂರುವುದು ಕೋಣೆಯ ಒಳಗೆ ಅಂದರೆ ಓಎಲ್ಇಡಿ. ಹಗಲೆಲ್ಲ ಕೋಡಿಂಗ್, ಅಕೌಂಟ್ಸ್, ನೋಟ್ಸ್ ಅಂದರೆ 100% ಎಸ್‌ಆರ್‌ಜಿಬಿ ಇರುವ, 300 ನಿಟ್ಸ್‌ಗಿಂತ ಮೇಲಿನ, ಹೊಳೆಯದ ಮ್ಯಾಟ್ ಫಿನಿಶ್ ಐಪಿಎಸ್. ಹೆಚ್ಚಿನವರು ಈ ಎರಡನೇ ಗುಂಪಿನವರೇ.

ಸೈಜ್ ಮತ್ತು ಆಕಾರ. 1920×1080 ಈಗ ಮಾಮೂಲಿ. 1920×1200 ಅಂದರೆ 16:10, ಎತ್ತರದಲ್ಲಿ 120 ಸಾಲು ಪಿಕ್ಸೆಲ್ ಜಾಸ್ತಿ. ಕೇಳಲು ಸಣ್ಣದು, ಆದರೆ ಎಕ್ಸೆಲ್‌ನಲ್ಲಿ ನಾಲ್ಕೈದು ರೋ ಹೆಚ್ಚಿಗೆ ಕಾಣುತ್ತದೆ, ಕೋಡ್ ಬರೆಯುವವರಿಗೆ ಸ್ಕ್ರಾಲ್ ಮಾಡುವ ಕೆಲಸ ಕಡಿಮೆ. ಎರಡು ಮಾಡೆಲ್ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ 16:10 ಇರುವುದನ್ನೇ ತೆಗೆಯಿರಿ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಓಡಾಡುವವರಿಗೆ 14 ಇಂಚು, ಒಂದೂವರೆ ಕಿಲೋ ಒಳಗೆ. ನಿಂತುಕೊಂಡು ಹೋಗುವ ದಿನ ಎರಡೂವರೆ ಕಿಲೋದ ಗೇಮಿಂಗ್ ಲ್ಯಾಪ್‌ಟಾಪ್, ಅದರ ದೊಡ್ಡ ಚಾರ್ಜರ್ ಎರಡೂ ಭುಜಕ್ಕೆ ಬಿದ್ದರೆ ಗೊತ್ತಾಗುತ್ತದೆ ಮಾರಾಯ್ರೆ. ಮನೆಯಲ್ಲೇ ಇರುವುದಾದರೆ 15.6 ಅಥವಾ 16. ಅಕೌಂಟ್ಸ್‌ನವರಿಗೆ ನಂಬರ್ ಪ್ಯಾಡ್ ಬೇಕಾಗುತ್ತದೆ, ಅದು ದೊಡ್ಡ ಸೈಜಲ್ಲೇ ಬರುವುದು.

ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವುದು) ಬಗ್ಗೆ ಜಾಸ್ತಿ ಯೋಚಿಸಬೇಡಿ. ಓದಿಗೆ, ಆಫೀಸಿಗೆ 60 ಹರ್ಟ್ಜ್ ಸಾಕು. 120 ಇದ್ದರೆ ಸ್ಕ್ರಾಲ್ ನುಣುಪಾಗಿರುತ್ತದೆ, ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗುತ್ತದೆ. ಗೇಮ್ ಆಡುವವರಿಗೆ 144.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಒಯ್ಯಿರಿ. ಕಂಪನಿಯ ಡೆಮೊ ವಿಡಿಯೋವನ್ನು ಚಂದ ಕಾಣಲೆಂದೇ ಮಾಡಿರುತ್ತಾರೆ, ಅದರಲ್ಲಿ ಯಾವ ಸ್ಕ್ರೀನೂ ಕೆಟ್ಟದಾಗಿ ಕಾಣುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮನೆಯವರ ಮುಖದ ಫೋಟೋ, ಒಂದು ಯಕ್ಷಗಾನದ ಫೋಟೋ, ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಬೂದು ಬಣ್ಣದ ಒಂದೊಂದು ಚಿತ್ರ ಇರಲಿ. ಕಪ್ಪು ಚಿತ್ರದಲ್ಲಿ ಮೂಲೆಗಳಿಂದ ಬೆಳಕು ಸೋರುತ್ತಿದೆಯಾ ನೋಡಿ. ಬೂದು ಚಿತ್ರದಲ್ಲಿ ಕಲೆ, ಗೆರೆ ಇದ್ದರೆ ಎದ್ದು ಕಾಣುತ್ತದೆ. ಆಮೇಲೆ ಒಂದು ಕನ್ನಡ ಪುಟ ತೆರೆಯಿರಿ. ನಮ್ಮ ಒತ್ತಕ್ಷರಗಳಷ್ಟು ಒಳ್ಳೆಯ ಪರೀಕ್ಷೆ ಇಂಗ್ಲಿಷಿನಲ್ಲಿ ಇಲ್ಲ. “ರಾಷ್ಟ್ರ”, “ಲಕ್ಷ್ಮಿ”, “ಸ್ವಾತಂತ್ರ್ಯ” ಇವನ್ನು ಮಾಮೂಲಿ ಸೈಜಲ್ಲಿ ಇಟ್ಟು, ನೀವು ಮನೆಯಲ್ಲಿ ಕೂರುವಷ್ಟೇ ದೂರದಿಂದ ಓದಿ. ಕೆಳಗಿನ ಒತ್ತುಗಳು ಕಲಸಿ ಮಸಿಯಾದ ಹಾಗೆ ಕಂಡರೆ ಆ ಸ್ಕ್ರೀನಲ್ಲಿ ಕನ್ನಡ ಓದುವುದು ಕಣ್ಣಿಗೆ ಕಷ್ಟ. ಓಎಲ್ಇಡಿಯಲ್ಲಿ ಅಕ್ಷರದ ಅಂಚಿಗೆ ಹಸಿರೋ ಗುಲಾಬಿಯೋ ಬಣ್ಣದ ನೆರಳು ಕಾಣಬಹುದು, ಅದರಲ್ಲಿ ಪಿಕ್ಸೆಲ್‌ಗಳನ್ನು ಜೋಡಿಸುವ ರೀತಿಯೇ ಬೇರೆ, ಅದಕ್ಕೆ. ಹತ್ತು ಜನರಲ್ಲಿ ಕೆಲವರಿಗಷ್ಟೇ ಅದು ಕಿರಿಕಿರಿ, ನಿಮಗೆ ಹೇಗೆ ಅಂತ ನೀವೇ ನೋಡಿ. ಕೊನೆಗೆ ಲ್ಯಾಪ್‌ಟಾಪನ್ನು ಅಂಗಡಿಯ ಬಾಗಿಲ ಹತ್ತಿರ ತಂದು ಹಗಲು ಬೆಳಕಿನಲ್ಲಿ ತೋರಿಸಿ ಅಂತ ಕೇಳಿ. ಮುಖ ಸಿಂಡರಿಸಿದರೂ ತೋರಿಸುತ್ತಾರೆ.

ಹಂತ 3: ಪ್ರೊಸೆಸರ್, ಅಕ್ಷರಗಳ ಆಟ

ಐ5, ಐ7 ಅನ್ನುವುದಕ್ಕಿಂತ ಅದರ ಹಿಂದಿನ ನಂಬರ್, ಕೊನೆಯ ಅಕ್ಷರ ನೋಡಿ. ಯು ಅಂದರೆ ಕಡಿಮೆ ಕರೆಂಟಿನದ್ದು, ಎಚ್ ಅಂದರೆ ಜೋರು ಕೆಲಸದ್ದು. ಉದಾಹರಣೆಗೆ ಐ7-1255ಯುನಲ್ಲಿ ಎರಡು ದೊಡ್ಡ ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಎಂಟು ಸಣ್ಣ ಕೋರ್. ಐ5-12500ಎಚ್‌ನಲ್ಲಿ ನಾಲ್ಕು ದೊಡ್ಡವು, ಎಂಟು ಸಣ್ಣವು. ವಿಡಿಯೋ ರೆಂಡರ್ (ಎಡಿಟ್ ಮುಗಿದ ವಿಡಿಯೋವನ್ನು ಫೈಲ್ ಮಾಡುವುದು) ನಂಥ ಉದ್ದದ ಕೆಲಸಕ್ಕೆ ಆ ಐ5 ಈ ಐ7ಗಿಂತ ಮುಂದೆ. “ಐ7 ತಗೊಳ್ಳಿ, ಫ್ಯೂಚರ್ ಪ್ರೂಫ್” ಅಂತ ಹೇಳಿದಾಗ ಯಾವ ಐ7 ಅಂತ ಕೇಳಿ. ಐ7ಗೆಂದು ಕೊಡುವ ಹೆಚ್ಚಿನ ದುಡ್ಡಿಗೆ ಎಷ್ಟೋ ಸಲ ಒಳ್ಳೆಯ ಸ್ಕ್ರೀನ್ ಇರುವ ಐ5 ಬರುತ್ತದೆ.

ಇಂಟೆಲ್ 2023ರ ಕೊನೆಯಿಂದ ಹೆಸರು ಬದಲಿಸಿತು. ಈಗ “ಕೋರ್ 5”, “ಕೋರ್ ಅಲ್ಟ್ರಾ 5” ಅಂತೆಲ್ಲ ಬರುತ್ತದೆ. ಅಲ್ಟ್ರಾ ಇಲ್ಲದ ಕೋರ್ 5 120ಯು ಹೆಸರಿಗೆ ಹೊಸದು, ಒಳಗೆ 13ನೇ ಜನರೇಶನ್‌ನ ವಿನ್ಯಾಸವೇ. ಕೆಟ್ಟದ್ದಲ್ಲ, ಬೆಲೆಯೂ ಹಾಗೇ ಇರಬೇಕು ಅಷ್ಟೇ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಮ್‌ಡಿಯವರದ್ದು ಇನ್ನೂ ತಮಾಷೆ. 7000 ಸರಣಿಯಲ್ಲಿ ಮೂರನೇ ಅಂಕೆ ನೋಡಬೇಕು. ರೈಜನ್ 5 7520ಯುನಲ್ಲಿ ಮೂರನೇ ಅಂಕೆ 2, ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ, ನಾಲ್ಕೇ ಕೋರ್. ರೈಜನ್ 5 7530ಯುನಲ್ಲಿ ಅದು 3, ಝೆನ್ 3, ಆರು ಕೋರ್. ಹೆಸರಿನಲ್ಲಿ ಹತ್ತರ ವ್ಯತ್ಯಾಸ, ಒಳಗೆ ಒಂದು ಪೂರ್ತಿ ತಲೆಮಾರಿನ ವ್ಯತ್ಯಾಸ.

ಎಐ ಸ್ಟಿಕ್ಕರ್‌ಗೆ ಮರುಳಾಗಬೇಡಿ. ಮೈಕ್ರೋಸಾಫ್ಟ್‌ನ ಕೋಪೈಲಟ್ ಪ್ಲಸ್ ಹೆಸರು ಸಿಗಬೇಕಾದರೆ ಎನ್‌ಪಿಯು (ಎಐ ಲೆಕ್ಕಕ್ಕೆಂದೇ ಇರುವ ಭಾಗ) ಕನಿಷ್ಠ 40 ಟಾಪ್ಸ್ (ಅದರ ವೇಗದ ಅಳತೆ) ಇರಬೇಕು, ಜೊತೆಗೆ 16 ಜಿಬಿ ರ‍್ಯಾಮ್ ಬೇಕು. ಚಾಟ್‌ಜಿಪಿಟಿಯಂಥವನ್ನು ಬ್ರೌಸರ್‌ನಲ್ಲಿ ಬಳಸಲು ಇದ್ಯಾವುದೂ ಬೇಡ, ಆ ಕೆಲಸ ನಡೆಯುವುದು ಅವರ ಸರ್ವರ್‌ನಲ್ಲಿ.

ಹಂತ 4: ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ. ಮುಗಿಯಿತು. 8 ಜಿಬಿಯಲ್ಲಿ ವಿಂಡೋಸ್ 11 ಓಡುತ್ತದೆ, ಆದರೆ ಬ್ರೌಸರ್‌ನಲ್ಲಿ ಹದಿನೈದು ಟ್ಯಾಬ್, ಒಂದು ಮೀಟಿಂಗ್, ಒಂದು ಪಿಪಿಟಿ ಒಟ್ಟಿಗೆ ತೆರೆದರೆ ಉಸಿರು ಕಟ್ಟುತ್ತದೆ.

“ಈಗ 8 ತಗೊಳ್ಳಿ, ಆಮೇಲೆ ಹಾಕಿಸಿದರಾಯಿತು” ಅಂದರೆ ಮೊದಲು ಸ್ಲಾಟ್ ಇದೆಯಾ ಕೇಳಿ. ಎಲ್‌ಪಿಡಿಡಿಆರ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬೋರ್ಡಿಗೆ ಬೆಸೆದದ್ದು, ಏನೂ ಮಾಡಲಾಗದು. ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ‍್ಯಾಮ್ ಪ್ರೊಸೆಸರ್ ಜೊತೆಗೇ ಕೂತಿರುತ್ತದೆ. ಅದೂ ಅಲ್ಲದೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಓಡಿಸುವ ಡೇಟಾ ಸೆಂಟರ್‌ಗಳಿಗೇ ಅದು ಹೋಗುತ್ತಿರುವುದರಿಂದ. ಆಮೇಲೆ ಹಾಕಿಸುವ ಲೆಕ್ಕ ಮೊದಲಿನಷ್ಟು ಅಗ್ಗ ಇಲ್ಲ. ಸ್ಲಾಟ್ ಇರುವ ಮಾಡೆಲ್ ಆದರೆ 8+8 ಹಾಕಿದ್ದಾರಾ ನೋಡಿ. ಎರಡು ಕಡ್ಡಿ ಇದ್ದರೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ವೇಗವೂ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಎಸ್‌ಎಸ್‌ಡಿ 512 ಜಿಬಿ, ವೇಗದ ಎನ್‌ವಿಎಮ್ಇ ಜಾತಿಯದ್ದು. ಮನೆಗೆ ತಂದು ನೋಡಿದರೆ 476 ಅಂತ ತೋರಿಸುತ್ತದೆ, ಗಾಬರಿ ಬೇಡ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಇಎಮ್ಎಮ್‌ಸಿ (ನಿಧಾನದ, ಅಗ್ಗದ ಸ್ಟೋರೇಜ್) ಅಂತ ಬರೆದಿದ್ದರೆ ಎದ್ದು ಬನ್ನಿ.

ಹಂತ 5: ಗ್ರಾಫಿಕ್ಸ್

ಗೇಮ್, ಥ್ರೀಡಿ, ಭಾರಿ ವಿಡಿಯೋ ಎಡಿಟಿಂಗ್ ಇಲ್ಲ ಅಂದರೆ ಈ ಹಂತ ಬಿಟ್ಟುಬಿಡಿ. ಬೇಕಾದವರು ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಜೊತೆ ವ್ಯಾಟ್ ಎಷ್ಟು ಅಂತ ಕೇಳಿ. ಉದಾಹರಣೆಗೆ ಆರ್‌ಟಿಎಕ್ಸ್ 4050 ಅನ್ನುವ ಕಾರ್ಡನ್ನು ಲ್ಯಾಪ್‌ಟಾಪ್ ಕಂಪನಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಹೇಗೆ ಬೇಕಾದರೂ ಇಡಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ನ 4050, ದಪ್ಪ ಲ್ಯಾಪ್‌ಟಾಪ್‌ನ 4050 ವೇಗದಲ್ಲಿ ಒಂದೇ ಅಲ್ಲ.

ಹಂತ 6: ನಮ್ಮ ಊರಿನ ಗಾಳಿ, ಸಿಡಿಲು, ಸೆಕೆ

ಬೆಂಗಳೂರಿನವರು ಮಾಡುವ ರಿವ್ಯೂನಲ್ಲಿ ಇದು ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಲ್ಯಾಪ್‌ಟಾಪ್ ಬಿಡುತ್ತದಾ? ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರ ಇದ್ದವರಿಗೆ ಉಪ್ಪು ಗಾಳಿ ಬೇರೆ, ಪೋರ್ಟ್‌ಗಳ ಲೋಹಕ್ಕೆ ಅದು ಶತ್ರು. ತೇವ, ನೀರಿನಿಂದಾದ ಹಾನಿ ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕಪಾಟಿನಲ್ಲಿ ಮುಚ್ಚಿಡಬೇಡಿ. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ಒಳಗಿನ ಬಿಸಿಗೆ ತೇವ ಒಣಗುತ್ತದೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಎಸಿ ರೂಮಿನಿಂದ ಹೊರಗೆ ತಂದ ತಕ್ಷಣ ತೆರೆಯಬೇಡಿ, ತಣ್ಣಗಿನ ಲೋಹದ ಮೇಲೆ ನೀರ ಹನಿ ಕೂರುತ್ತದೆ.

ಮಳೆಗಾಲದ ಮುಂಚೆ ಏಪ್ರಿಲ್, ಮೇ, ಮತ್ತೆ ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಶುರುವಾಯಿತು ಅಂದರೆ ಚಾರ್ಜರ್ ಪ್ಲಗ್‌ನಿಂದ ಕೀಳಿ, ಲ್ಯಾನ್ ವೈರ್ ಇದ್ದರೆ ಅದನ್ನೂ. ಹಾಗಾಗಿ ಬ್ಯಾಟರಿ ಗಟ್ಟಿ ಇರಬೇಕು. “10 ಗಂಟೆ ಬರುತ್ತದೆ” ಅನ್ನುವ ಮಾತನ್ನು ನಂಬುವ ಬದಲು ವ್ಯಾಟ್‌ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವುದನ್ನು, ಕೇಳಿ. ಸಾಧಾರಣ ಕೆಲಸದಲ್ಲಿ ಲ್ಯಾಪ್‌ಟಾಪ್ 8ರಿಂದ 10 ವ್ಯಾಟ್ ತಿಂದರೆ 42 ವ್ಯಾಟ್‌ಅವರ್ ಬ್ಯಾಟರಿ ನಾಲ್ಕರಿಂದ ಐದು ಗಂಟೆ ಬರುತ್ತದೆ. 55, 60 ಇದ್ದರೆ ಕರೆಂಟ್ ಹೋದ ಸಂಜೆಯೂ ನಡೆದೀತು. ಯುಎಸ್‌ಬಿ ಸಿಯಲ್ಲಿ ಚಾರ್ಜ್ ಆಗುತ್ತದಾ ಅಂತಲೂ ಕೇಳಿ, ಬಸ್ಸಲ್ಲಿ ಚಾರ್ಜರ್ ಮರೆತರೆ ಅದೇ ಗತಿ.

ಲೋಹದ ಬಾಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಹೆಚ್ಚಾಗಿ ಅರ್ಥಿಂಗ್ ಸರಿ ಇಲ್ಲ, ಅಥವಾ ಎರಡು ಪಿನ್ ಚಾರ್ಜರ್. ಹಳೇ ಮನೆಗಳಲ್ಲಿ ಇದು ಮಾಮೂಲು. ಲ್ಯಾಪ್‌ಟಾಪ್ ಬೈಯುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ.

ಹಂತ 7: ದುಡ್ಡು ಕೊಡುವಾಗ

ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ, ಕೊನೆಯ ಅಕ್ಷರದವರೆಗೆ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಒಂದಕ್ಕೆ ಒಳ್ಳೆಯ ಪ್ಯಾನೆಲ್, ಇನ್ನೊಂದಕ್ಕೆ 45% ಪ್ಯಾನೆಲ್ ಇರುವುದು ಹೊಸತಲ್ಲ, ವ್ಯತ್ಯಾಸ ಇರುವುದು ಆ ಬಾಲದ ಅಕ್ಷರಗಳಲ್ಲೇ. ಕಂಪನಿಯ ವೆಬ್‌ಸೈಟಿನಲ್ಲಿ ಅದೇ ನಂಬರ್ ಹಾಕಿ ಡಿಸ್‌ಪ್ಲೇ ಸಾಲು ಓದಿ. ಅಂಗಡಿಯ ಬೋರ್ಡ್ ಬೇಡ, ಆನ್‌ಲೈನ್ ಮಾರಾಟದ ಪುಟವೂ ಬೇಡ.

ವಾರಂಟಿ ಆನ್‌ಸೈಟ್ (ರಿಪೇರಿಗೆ ಮನೆಗೇ ಬರುವುದು) ಅಂದರೆ ಯಾವ ಪಿನ್‌ಕೋಡ್‌ವರೆಗೆ ಅಂತ ಕೇಳಿ. ಮಂಗಳೂರು ನಗರಕ್ಕೆ ಬರುವವರು ಬೈಂದೂರಿಗೆ, ಬೆಳ್ತಂಗಡಿಗೆ ಬರುತ್ತಾರಾ? ಬರುವುದಿಲ್ಲ ಅಂದರೆ ಪ್ರತಿ ಸಲವೂ ನೀವೇ ಹೊತ್ತುಕೊಂಡು ಹೋಗಬೇಕು. ಬಸ್ಸಲ್ಲಿ ಓಡಾಡುವ ಮಕ್ಕಳಿಗೆ ಬಿದ್ದು ಒಡೆಯುವುದನ್ನು ಸೇರಿಸುವ ವಾರಂಟಿ ತೆಗೆದರೆ ನಷ್ಟ ಇಲ್ಲ. ವ್ಯಾಪಾರಕ್ಕೆ ತೆಗೆಯುವವರು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಹಾಕಿಸಿ, 18% ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು.

ಡಬ್ಬಿ ನಿಮ್ಮ ಎದುರೇ ತೆರೆಯಲಿ. ಆನ್‌ಲೈನ್ ಆದರೆ ತೆರೆಯುವುದನ್ನು ಪೂರ್ತಿ ವಿಡಿಯೋ ಮಾಡಿ. ಸೆಟಪ್ ಮಾಡುವಾಗ ಅಂಗಡಿಯ ಹುಡುಗ ಅವನದೇ ಇಮೇಲ್ ಹಾಕದಂತೆ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಜೊತೆ ಬರುವ ಎಂಎಸ್ ಆಫೀಸ್ ಆ ಅಕೌಂಟಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಪರದಾಟ. ಆನ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಎಲ್ಲ ಅಲ್ಲೇ ಇರುತ್ತದೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಜ್ ಅಂತ ದುಡ್ಡು ಕೊಟ್ಟು 60ರಲ್ಲೇ ವರ್ಷಗಟ್ಟಲೆ ಓಡಿಸುವವರು ಇದ್ದಾರೆ.

ಮನೆಗೆ ಬಂದ ಮೇಲೆ ಬಿಳಿ, ಕಪ್ಪು, ಬೂದು ಚಿತ್ರಗಳ ಪರೀಕ್ಷೆ ಇನ್ನೊಮ್ಮೆ ಕತ್ತಲ ಕೋಣೆಯಲ್ಲಿ ಮಾಡಿ, ನೀವು ಅಂಗಡಿಯಲ್ಲಿ ನೋಡಿದ್ದು ಡೆಮೊ ಪೀಸ್, ಇದು ಬೇರೆ ಪೀಸ್. ಸ್ಪೀಕರ್, ಕ್ಯಾಮೆರಾ, ಎಲ್ಲ ಪೋರ್ಟ್, ಕೀಬೋರ್ಡಿನ ಪ್ರತಿ ಕೀ ನೋಡಿ. ಒಂದು ದಿನ ಪೂರ್ತಿ ಬ್ಯಾಟರಿಯಲ್ಲಿ ಓಡಿಸಿ. ಬದಲಿಸಿಕೊಡುವ ಅವಧಿ ಕೆಲವೇ ದಿನ ಇರುವುದರಿಂದ ಇದನ್ನೆಲ್ಲ ಮೊದಲ ಎರಡು ಮೂರು ದಿನದಲ್ಲೇ ಮುಗಿಸಿ, ಬಿಲ್ಲಿನ ಫೋಟೋ ತೆಗೆದು ಇಮೇಲ್‌ಗೆ ಹಾಕಿಡಿ. ಬಿಲ್ಲಿನ ಥರ್ಮಲ್ ಪೇಪರ್ ನಮ್ಮ ಮಳೆಗಾಲ ದಾಟಿ ಉಳಿಯುವುದು ಕಷ್ಟ.